ಫೋನಿನೊಳಗಿನ ತಂಬೂರಿ

ಸಂಗೀತ ಕಲಿಯುತ್ತಿರುವ ಅಕ್ಕನ ಮಗಳು ಮೊನ್ನೆ ಕೇಳಿದಳು: “ಮಾಮ, ಒಳ್ಳೆ ಸೌಂಡ್ ಬೇಕು ಅಂದ್ರೆ ಐಫೋನೇ ತಗೋಬೇಕಾ? ಆಂಡ್ರಾಯ್ಡ್ ಸಾಲಲ್ವಾ?” ಅವಳು ದಿನವೂ ಫೋನಿನಲ್ಲಿ ಶ್ರುತಿ ಹಾಕಿಕೊಂಡು ಹಾಡುವವಳು. ಹಾಗಾಗಿ ಪ್ರಶ್ನೆಗೆ ತೂಕವಿದೆ.

ಫೋನಿನೊಳಗೆ ಹಾಡು ಬರೀ ಅಂಕಿಗಳ ಸಾಲು. ಸಿ.ಡಿ.ಯಲ್ಲಾದರೆ ಸೆಕೆಂಡಿಗೆ 44,100 ಸಲ ಧ್ವನಿಯನ್ನು ಅಳೆದು ಬರೆದಿಟ್ಟಿರುತ್ತಾರೆ. ಅಷ್ಟು ಸಾಕೇ? ನಮ್ಮ ಕಿವಿಗೆ ಕೇಳಿಸುವುದು ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳು, ಅದೂ ಎಳೆಯ ವಯಸ್ಸಿನಲ್ಲಿ. ಯಾವುದೇ ಕಂಪನವನ್ನು ಪೂರ್ತಿ ಹಿಡಿಯಲು ಅದರ ಎರಡು ಪಟ್ಟಿಗಿಂತ ತುಸು ಹೆಚ್ಚು ಸಲ ಅಳೆದರೆ ಸಾಕು ಎಂಬುದನ್ನು ಗಣಿತಜ್ಞ ಕ್ಲಾಡ್ ಶಾನನ್ 1949ರಲ್ಲಿ ಗಣಿತದಿಂದ ತೋರಿಸಿದರು. ಅಂದರೆ ಸಿ.ಡಿ.ಯ ಲೆಕ್ಕ ಕಿವಿಗೆ ಸಾಕು. ಈ ಅಂಕಿಗಳನ್ನು ಮತ್ತೆ ವಿದ್ಯುತ್ ಅಲೆಯಾಗಿಸುವ ಚಿಪ್ಪು ಇವತ್ತು ಎಷ್ಟು ಸಣ್ಣದಾಗಿದೆಯೆಂದರೆ, ಆ್ಯಪಲ್‌ನ ಬೆರಳುದ್ದದ ಹೆಡ್‌ಫೋನ್ ಅಡಾಪ್ಟರಿನೊಳಗೂ ಒಂದು ಕುಳಿತಿದೆ. ಒಳ್ಳೆಯ ಫೋನುಗಳಲ್ಲಿ ಈ ಕೆಲಸ ಎರಡೂ ಕಡೆ ಸೊಗಸಾಗಿಯೇ ನಡೆಯುತ್ತದೆ.

ತೊಡಕು ಶುರುವಾಗುವುದು ತಂತಿ ಕಳಚಿದಾಗ. ಸಿ.ಡಿ. ಗುಣಮಟ್ಟದ ಹಾಡಿಗೆ ಸೆಕೆಂಡಿಗೆ ಸುಮಾರು 14 ಲಕ್ಷ ಬಿಟ್‌ಗಳು ಹರಿಯಬೇಕು. ಸಾಮಾನ್ಯ ಬ್ಲೂಟೂತ್ ದಾರಿ ಅಷ್ಟು ಅಗಲವಿಲ್ಲ. ಆದ್ದರಿಂದ ಫೋನು ಹಾಡನ್ನು ಹಿಂಡಿ ಕಳಿಸುತ್ತದೆ, ಇಯರ್‌ಫೋನು ಬಿಡಿಸಿಕೊಳ್ಳುತ್ತದೆ. ಹಿಂಡುವ ಈ ವಿಧಾನಕ್ಕೆ ಕೋಡೆಕ್ ಎಂದು ಹೆಸರು. ಎಸ್‌ಬಿಸಿ ಎಂಬುದು ಎಲ್ಲದರಲ್ಲೂ ಇರುತ್ತದೆ. ಐಫೋನು ಅದರ ಜೊತೆಗೆ ಎಎಸಿಯನ್ನು ಬಳಸುತ್ತದೆ. ಆಂಡ್ರಾಯ್ಡಿಗೆ 2017ರ 8ನೇ ಆವೃತ್ತಿಯಲ್ಲಿ ಸೋನಿಯವರ ಎಲ್‌ಡ್ಯಾಕ್ ಸೇರಿತು. ಅದು ಸೆಕೆಂಡಿಗೆ 990 ಕಿಲೊಬಿಟ್‌ವರೆಗೂ ಸಾಗಿಸಬಲ್ಲದು. ಕಾಗದದ ಮೇಲೆ ಆಂಡ್ರಾಯ್ಡೇ ಗೆದ್ದಂತೆ. ಆದರೆ ಫೋನು ಜೇಬಿನಲ್ಲಿದ್ದು ಸುತ್ತ ಜನಜಂಗುಳಿ ಇದ್ದರೆ ಅದೇ ಎಲ್‌ಡ್ಯಾಕ್ 660ಕ್ಕೋ 330ಕ್ಕೋ ಇಳಿಯುತ್ತದೆ. ಇಯರ್‌ಫೋನಿಗೂ ಆ ಭಾಷೆ ಗೊತ್ತಿರಬೇಕು. ದುಬಾರಿ ಎಲ್‌ಡ್ಯಾಕ್ ಇಯರ್‌ಫೋನನ್ನು ಆ ಭಾಷೆ ಬಾರದ ಐಫೋನಿಗೆ ಜೋಡಿಸಿದರೆ ಆ ಹೆಚ್ಚುವರಿ ಹಣ ದಂಡ. ಇನ್ನು ಎಎಸಿ, ಐಫೋನಿನಲ್ಲಿ ಹದವಾಗಿ ಕೂತಿದೆ. ಆಂಡ್ರಾಯ್ಡಿನಲ್ಲಿ ಅದರ ಗುಣ ಫೋನಿನಿಂದ ಫೋನಿಗೆ ಬದಲಾಗುತ್ತದೆ.

ಹಾಡುವವರಿಗೆ ಇದಕ್ಕಿಂತ ದೊಡ್ಡ ವಿಷಯ ವಿಳಂಬ. ಮೊದಮೊದಲ ಆಂಡ್ರಾಯ್ಡ್ ಫೋನುಗಳಲ್ಲಿ ಮೈಕಿಗೆ ಬಿದ್ದ ದನಿ ಹೊರಬರಲು ಸೆಕೆಂಡಿನ ಹತ್ತನೇ ಒಂದು ಭಾಗಕ್ಕೂ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಅಷ್ಟರಲ್ಲಿ ಶಬ್ದ ಗಾಳಿಯಲ್ಲಿ ಸುಮಾರು 34 ಮೀಟರ್ ಹೋಗಿಬಿಡುತ್ತದೆ. ಮೃದಂಗದವರು ವೇದಿಕೆ ಬಿಟ್ಟು 34 ಮೀಟರ್ ದೂರ ಕೂತರೆ ತಾಳ ಕೂಡುವುದು ಹೇಗೆ? ಆ್ಯಪಲ್ ಈ ವಿಳಂಬವನ್ನು ಆರಂಭದಿಂದಲೇ ತಗ್ಗಿಸಿಟ್ಟಿತ್ತು. ಸಂಗೀತ ರಚಿಸುವ ಆ್ಯಪ್‌ಗಳು ಮೊದಲು ಅಲ್ಲಿ ಬೆಳೆದದ್ದಕ್ಕೆ ಇದೊಂದು ಮುಖ್ಯ ಕಾರಣ. ಆಂಡ್ರಾಯ್ಡೂ ಈಗ ಬಹಳ ಸುಧಾರಿಸಿದೆ. ಆದರೆ ಬ್ಲೂಟೂತ್ ಇಯರ್‌ಫೋನು ಹಾಕಿಕೊಂಡ ಕೂಡಲೇ ಎರಡರಲ್ಲೂ ಹಳೆಯ ವಿಳಂಬ ಮರಳಿ ಬರುತ್ತದೆ. ತಂಬೂರಿಗೆ ತಾಳವಿಲ್ಲ, ಹಾಗಾಗಿ ಶ್ರುತಿಗೆ ತೊಂದರೆಯಿಲ್ಲ. ಆದರೆ ತಾಳದ ಆ್ಯಪ್ ಹಾಕಿಕೊಂಡು ಹಾಡಿ, ಅದನ್ನು ಅದೇ ಫೋನಿನಲ್ಲಿ ಧ್ವನಿಮುದ್ರಿಸಿ ಕೇಳಿದಾಗ ಪೆಟ್ಟು ತಪ್ಪಿರುವುದು ಗೊತ್ತಾಗುತ್ತದೆ.

ಹೀಗಾಗಿ ಅವಳಿಗೆ ಹೇಳಿದೆ: ಅಭ್ಯಾಸಕ್ಕೆ ತಂತಿಯ ಇಯರ್‌ಫೋನೇ ಇರಲಿ. ಐಫೋನಿನಲ್ಲಿ ಅದರ ತೂತು 2016ರಲ್ಲೇ ಹೋಯಿತು. ಕಡಿಮೆ ಬೆಲೆಯ ಹಲವು ಆಂಡ್ರಾಯ್ಡ್‌ಗಳಲ್ಲಿ ಇನ್ನೂ ಉಳಿದಿದೆ. 2023ರ ಐಫೋನ್ 15ರಿಂದ ಅಲ್ಲೂ ಯುಎಸ್‌ಬಿ-ಸಿ ಬಂದಿರುವುದರಿಂದ ಒಂದೇ ಇಯರ್‌ಫೋನು ಎರಡಕ್ಕೂ ಹೊಂದೀತು. ನನ್ನ ಮಟ್ಟಿಗೆ, ಮಧ್ಯಮ ಬೆಲೆಯ ಆಂಡ್ರಾಯ್ಡ್ ಕೊಂಡು, ಉಳಿದ ಹಣವನ್ನು ಒಳ್ಳೆಯ ಇಯರ್‌ಫೋನಿಗೆ ಹಾಕುವುದೇ ಜಾಣತನ. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ಸಿಕ್ಕಿಸಿದ ನೂಲಿನೆಳೆ ಎಬ್ಬಿಸುವ ಆ ಝೇಂಕಾರ ಕಿವಿಗೆ ಮುಟ್ಟುವುದೋ ಇಲ್ಲವೋ ಎನ್ನುವುದನ್ನು ಫೋನಿಗಿಂತ ಹೆಚ್ಚಾಗಿ ನಿರ್ಧರಿಸುವುದು ಇಯರ್‌ಫೋನೇ.

ಅಂಗಡಿಗೆ ಹೋಗುವಾಗ ನಿಮ್ಮದೇ ಇಯರ್‌ಫೋನು ಒಯ್ಯಿರಿ. ನೂರು ಸಲ ಕೇಳಿ ಪಳಗಿದ ಒಂದು ಹಾಡನ್ನು ಎರಡೂ ಫೋನಿನಲ್ಲಿ ಒಂದೇ ಮಟ್ಟದ ಸದ್ದಿನಲ್ಲಿ ಕೇಳಿ. ತುಸು ಜೋರಾಗಿರುವುದೇ ನಮ್ಮ ಕಿವಿಗೆ ಇಂಪಾಗಿ ತೋರುತ್ತದೆ, ಅದಕ್ಕೇ ಸದ್ದನ್ನು ಮೊದಲು ಸರಿದೂಗಿಸಿಕೊಳ್ಳಿ.