ಮಗು ವೇದಿಕೆ ಮೇಲೆ ಅತ್ತರೆ ಎಷ್ಟು ಮಾರ್ಕ್ಸ್?

ಇವತ್ತು 2009ರ ಮೇ ತಿಂಗಳ ಒಂದು ರಾತ್ರಿಯಿಂದ ಶುರು ಮಾಡ್ತೀನಿ. ಲಂಡನ್ನಿನಲ್ಲಿ ‘ಬ್ರಿಟನ್ಸ್ ಗಾಟ್ ಟ್ಯಾಲೆಂಟ್’ ಸೆಮಿಫೈನಲ್, ಅದೂ ನೇರ ಪ್ರಸಾರ. ಹತ್ತು ವರ್ಷದ ಹಾಲಿ ಸ್ಟೀಲ್ ‘ಎಡೆಲ್‌ವೈಸ್’ ಹಾಡೋಕೆ ನಿಂತಳು. ನಡುವೆ ಹಾಡು ನಿಂತೇಹೋಯ್ತು, ಅಳು ಬಂತು. ಇನ್ನೊಂದು ಸಲ ಹಾಡ್ತೀನಿ ಅಂತ ಕೇಳಿಕೊಂಡಳು. ಟೈಮ್ ಇಲ್ಲ ಅಂತ ಉತ್ತರ ಬಂತು. ಆಗ ಬಾಯಿ ಹಾಕಿದ್ದು ಸೈಮನ್ ಕೋವೆಲ್. ಹೌದು, ಕಟುಮಾತಿಗೇ ಹೆಸರಾದ ಅದೇ ತೀರ್ಪುಗಾರ. ಹೇಗಾದ್ರೂ ಸಮಯ ಹೊಂದಿಸೋಣ ಅಂದ್ರು. ಅದೇ ರಾತ್ರಿ ಹುಡುಗಿ ಮತ್ತೆ ಹಾಡಿದಳು, ಚೆನ್ನಾಗಿಯೇ ಹಾಡಿದಳು.

ಇಲ್ಲಿಗೆ ಕಥೆ ಮುಗಿದಿದ್ರೆ ಎಲ್ಲರಿಗೂ ಖುಷಿ. ಆದರೆ ಫೈನಲ್‌ಗೆ ಹೋಗೋಕೆ ಇದ್ದದ್ದು ಎರಡೇ ಜಾಗ. ಒಂದನ್ನು ಜನರ ವೋಟು ತುಂಬಿತು. ಇನ್ನೊಂದಕ್ಕೆ ತೀರ್ಪುಗಾರರು ಹಾಲಿ ಮತ್ತು ಗ್ರೆಗ್ ಪ್ರಿಚರ್ಡ್ ಎಂಬ ಗಾಯಕನ ನಡುವೆ ಆರಿಸಬೇಕಿತ್ತು. ಹಾಲಿಯನ್ನು ಆರಿಸಿದರು. ಪ್ರಿಚರ್ಡ್‌ಗೆ ಸಿಕ್ಕಿದ್ದು ಒಂದೇ ಅವಕಾಶ. ತಪ್ಪಿಲ್ಲದೆ ಮುಗಿಸಿದವರಿಗೆ ಎರಡನೇ ಅವಕಾಶ ಯಾಕೆ ಬೇಕು, ಅಲ್ವಾ?

ತೊಡಕು ಇರೋದು ಇಲ್ಲೇ. ಈ ಶೋಗಳಲ್ಲಿ ಮಕ್ಕಳಿಗೆ ಬೇರೆ ವಿಭಾಗವೇ ಇಲ್ಲ. ದೊಡ್ಡವರ ಜೊತೆಗೇ ಸ್ಪರ್ಧೆ, ಅದೇ ಕೆಂಪು ಬಜರ್. ಮಕ್ಕಳು ಗೆಲ್ಲಲ್ಲ ಅಂತೇನಲ್ಲ. ‘ಅಮೆರಿಕಾಸ್ ಗಾಟ್ ಟ್ಯಾಲೆಂಟ್’ 2006ರ ಮೊದಲ ಸೀಸನ್ ಗೆದ್ದ ಬಿಯಾಂಕಾ ರಯಾನ್‌ಗೆ ಆಗ 11 ವರ್ಷ. 2016ರಲ್ಲಿ ಗ್ರೇಸ್ ವಾಂಡರ್‌ವಾಲ್, 2017ರಲ್ಲಿ ಗೊಂಬೆ ಮಾತಾಡಿಸೋ ಡಾರ್ಸಿ ಲಿನ್, ಇಬ್ಬರಿಗೂ 12. ಆದರೆ ತೀರ್ಪುಗಾರರು ‘ಈ ವಯಸ್ಸಿಗೆ ಅದ್ಭುತ’ ಅಂದಾಗೆಲ್ಲ ನನಗೆ ಕಿರಿಕಿರಿ. ಮಾರ್ಕ್ಸ್ ಹಾಡಿಗಾ, ವಯಸ್ಸಿಗಾ?

ಬ್ರಿಟನ್ನಿನ ಪ್ರಸಾರ ನಿಯಂತ್ರಕ ಆಫ್‌ಕಾಮ್‌ನ ಸಂಹಿತೆಯಲ್ಲಿ ಇದಕ್ಕೆ ಸಂಬಂಧಪಟ್ಟ ಒಂದು ನಿಯಮ ಇದೆ. 18ರೊಳಗಿನವರ ಮನಸ್ಸು, ದೇಹ, ಘನತೆ ಮೂರನ್ನೂ ಕಾಪಾಡಬೇಕು. ಅಪ್ಪ ಅಮ್ಮ ಒಪ್ಪಿದ್ದಾರೆ ಅನ್ನೋದು ನೆಪವಾಗಲ್ಲ. ಆ ಕೊನೇ ಮಾತು ನನಗೆ ಬಹಳ ಹಿಡಿಸಿತು. ಯಾಕಂದ್ರೆ ಎಷ್ಟೋ ಸಲ ಮಗುವನ್ನ ವೇದಿಕೆಗೆ ತಳ್ಳೋದೇ ಅಪ್ಪ ಅಮ್ಮ. ಆದರೆ ಈ ನಿಯಮ ಮಗುವನ್ನು ಕಾಯುತ್ತೆ ಅಷ್ಟೆ, ಮಾರ್ಕ್ಸ್ ಹೇಗೆ ಹಾಕಬೇಕು ಅಂತ ಹೇಳಲ್ಲ.

ಇದೆಲ್ಲ ನನ್ನ ತಲೆಗೆ ಹತ್ತಿದ್ದು ಹೋದ ವರ್ಷ, ಮೈಸೂರಿನ ಒಂದು ಶಾಲೆಯಲ್ಲಿ. ಇಂಗ್ಲಿಷ್ ಪದ್ಯ ಹೇಳೋ ಸ್ಪರ್ಧೆಗೆ ನಾನೂ ಒಬ್ಬ ತೀರ್ಪುಗಾರ. ಉಚ್ಚಾರಣೆ, ನೆನಪು, ಹಾವಭಾವ, ತಲಾ 10 ಮಾರ್ಕ್ಸ್. ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಅರ್ಧಕ್ಕೆ ನಿಂತಳು. ಮುಂದಿನ ಸಾಲಲ್ಲಿ ಕೂತಿದ್ದ ಅವಳಮ್ಮನ ತುಟಿ ಮಾತ್ರ ಪದ್ಯ ಹೇಳ್ತಾನೇ ಇತ್ತು. ಪಕ್ಕದಲ್ಲಿದ್ದ ನಿವೃತ್ತ ಮೇಡಂ, ‘ನೆನಪಿಗೆ ಸೊನ್ನೆ ಹಾಕ್ಬಿಡಿ, ರೂಲ್ಸ್ ಅಂದ್ರೆ ರೂಲ್ಸು’ ಅಂದ್ರು. ನಾನು ಕೇಳಲಿಲ್ಲ. ‘ನೀರು ಕುಡ್ಕೊಂಡು ಬಾ ಪುಟ್ಟಿ, ಮೊದಲಿಂದ ಹೇಳು’ ಅಂದೆ. ಹೇಳಿದಳು, ಬಹಳ ಚೆನ್ನಾಗಿ. ನಾನು ನೆನಪಿಗೆ 8 ಹಾಕಿದೆ.

ಒಂದೇ ಒಂದು ಮಾರ್ಕಿನಿಂದ ಅವಳಿಗೆ ಮೊದಲ ಬಹುಮಾನ ಬಂತು. ಎರಡನೆಯವನಾದ ಹುಡುಗ ಒಂದಕ್ಷರ ತಪ್ಪದೆ, ಒಂದೇ ಸಲ ಹೇಳಿದ್ದ. ಬಹುಮಾನ ಕೊಟ್ಟಾದ ಮೇಲೆ ಅವನೇ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ, ‘ಸಾರ್, ನಾನೂ ಇನ್ನೊಂದ್ಸಲ ಹೇಳಬಹುದಿತ್ತಾ?’

ಅವನಿಗೆ ನಾನು ಚಾಕೊಲೇಟ್ ಕೊಟ್ಟೆ. ಉತ್ತರ ಕೊಡಲಿಲ್ಲ.