ಕಂಪೈಲರಿನ ಪರಿಷ್ಕಾರಮಟ್ಟಗಳು

ಮನುಷ್ಯನು ಬರೆದ ಕ್ರಮವಿಧಿಯನ್ನು ಗಣಕಯಂತ್ರವು ನಡೆಸಬಲ್ಲ ಆದೇಶಗಳನ್ನಾಗಿ ಮಾರ್ಪಡಿಸುವ ಸಾಧನಕ್ಕೆ ಕಂಪೈಲರೆಂದು ಹೆಸರು. ಇದು ಭಾಷಾಂತರಕಾರನಂತಹುದು, ಆದರೆ ಪದಕ್ಕೆ ಪದವಿಟ್ಟು ಸುಮ್ಮನಾಗುವಂತಹುದಲ್ಲ. ಫಲವು ಕೆಡದಂತೆ ಆದೇಶಗಳನ್ನು ಹಿಂದುಮುಂದು ಮಾಡುವುದು, ಪುನರುಕ್ತಿಯನ್ನು ಕಳೆಯುವುದು, ವ್ಯರ್ಥವೆಂದು ಕಂಡುದನ್ನು ತೆಗೆದುಹಾಕುವುದು, ಇವೂ ಅದರ ಕಾರ್ಯಗಳೇ. ಈ ಪರಿಷ್ಕಾರಕ್ಕೆ ಸಾಮಾನ್ಯವಾಗಿ ಸೊನ್ನೆಯಿಂದ ಮೂರರವರೆಗೆ ಮಟ್ಟಗಳುಂಟು. ಬಳಸುವವನು ಯಾವುದನ್ನೂ ಹೇಳದಿದ್ದರೆ, ಕಂಪೈಲರನ್ನು ರಚಿಸಿದವರು ಮೊದಲೇ ನಿಶ್ಚಯಿಸಿಟ್ಟ ಮಟ್ಟವೇ ನಡೆಯುವುದು.

೧೯೫೭ರಲ್ಲಿ ಐ.ಬಿ.ಎಂ. ಸಂಸ್ಥೆಯ ಜಾನ್ ಬ್ಯಾಕಸ್ ಮತ್ತು ಅವರ ಸಂಗಡಿಗರು ಹೊರತಂದ ಫೋರ್ಟ್ರಾನ್ ಕಂಪೈಲರಿಗೆ ಪರಿಷ್ಕಾರವೇ ಪ್ರಾಣವಾಗಿತ್ತು. ಕೈಯಿಂದ ಬರೆದ ಆದೇಶಗಳಿಗೆ ಸಮನಾಗದಿದ್ದರೆ ಅದನ್ನು ಯಾರೂ ಮುಟ್ಟರೆಂಬ ಶಂಕೆಯಿತ್ತು. ೧೯೮೭ರಲ್ಲಿ ಹುಟ್ಟಿದ ಜಿ.ಸಿ.ಸಿ.ಯಾದರೋ, ಕೇಳದಿದ್ದರೆ ಸೊನ್ನೆಯ ಮಟ್ಟದಲ್ಲಿಯೇ ನಿಲ್ಲುವುದು. ಇದಕ್ಕೆ ಕಾರಣವುಂಟು. ದೋಷವನ್ನು ಹುಡುಕುವವನಿಗೆ ತಾನು ಬರೆದ ಪಂಕ್ತಿಗೂ ಯಂತ್ರವು ನಡೆಸುವ ಆದೇಶಕ್ಕೂ ನೇರವಾದ ಸಂಬಂಧವಿರಬೇಕು. ಭಾಷಾಂತರವೂ ಬೇಗ ಮುಗಿಯಬೇಕು. ಸಿದ್ಧಗೊಂಡ ಕೃತಿಯನ್ನು ಜನರ ಕೈಗಿಡುವ ಡೆಬಿಯನ್, ಫೆಡೋರಾ ಮೊದಲಾದ ಲಿನಕ್ಸ್ ವಿತರಕರು ಎರಡನೆಯ ಮಟ್ಟವನ್ನು ಹಿಡಿದಿದ್ದಾರೆ. ಮೂರನೆಯದು ಇನ್ನೂ ವೇಗವಲ್ಲವೇ ಎಂದರೆ, ಎಲ್ಲೆಡೆಯೂ ಅಲ್ಲ. ಅಲ್ಲಿ ಆದೇಶಗಳ ರಾಶಿ ಬೆಳೆಯುವುದು; ಸಂಸ್ಕಾರಕದ ಬಳಿಯಿರುವ ಕಿರಿದಾದ ಶೀಘ್ರಸ್ಮೃತಿಯಲ್ಲಿ ಅದು ಹಿಡಿಸದಿದ್ದರೆ ವೇಗವೇ ಕುಗ್ಗುವುದುಂಟು.

ಹಾಗೆಂದು ಎರಡನೆಯ ಮಟ್ಟವೂ ನಿರಪಾಯವೇನಲ್ಲ. ಲಿನಕ್ಸ್ ಕರ್ನೆಲಿನ ‘ಟನ್’ ಎಂಬ ಭಾಗದಲ್ಲಿ ಒಂದು ವಿಳಾಸಸೂಚಿಯನ್ನು ಮೊದಲು ಬಳಸಿ, ಅದು ಶೂನ್ಯವೇ ಎಂದು ಅನಂತರ ಪರೀಕ್ಷಿಸಲಾಗಿತ್ತು. ಶೂನ್ಯಸೂಚಿಯ ಬಳಕೆಗೆ ಸಿ ಭಾಷೆಯ ನಿಯಮಗಳು ಯಾವ ಅರ್ಥವನ್ನೂ ವಿಧಿಸಿಲ್ಲ. ಆದುದರಿಂದ, ಒಮ್ಮೆ ಬಳಸಿದ ಸೂಚಿಯು ಶೂನ್ಯವಾಗಿರಲಾರದೆಂದು ತರ್ಕಿಸಿ ಕಂಪೈಲರು ಪರೀಕ್ಷೆಯನ್ನೇ ಅಳಿಸಿಬಿಟ್ಟಿತು. ಬರೆದವನ ತಪ್ಪು ನಿಜವೇ. ಆದರೆ ಕಾವಲು ತಪ್ಪಿದುದರಿಂದ, ಸಾಮಾನ್ಯ ಬಳಕೆದಾರನೊಬ್ಬನು ಇಡಿಯ ಯಂತ್ರದ ಮೇಲೆ ಅಧಿಕಾರವನ್ನು ಪಡೆಯುವ ದಾರಿಯೊಂದು ತೆರೆದುದು ೨೦೦೯ರಲ್ಲಿ ಬಯಲಾಯಿತು. ಕರ್ನೆಲಿನವರು ಆ ಒಂದು ಪರಿಷ್ಕಾರವನ್ನು ಮಾತ್ರ ನಿಷೇಧಿಸಿ ಎರಡನೆಯ ಮಟ್ಟವನ್ನು ಉಳಿಸಿಕೊಂಡರು. ತರ್ಕವು ನಿರ್ದುಷ್ಟವಾಗಿದ್ದೂ ಅಭಿಪ್ರಾಯವು ಕೆಡಬಹುದೆಂಬುದು ಗ್ರಂಥಸಂಪಾದಕರಿಗೆ ಹೊಸ ಮಾತಲ್ಲ.

ಮಟ್ಟಗಳ ಒಳಗಿನ ಹಂಚಿಕೆಯೂ ಸ್ಥಿರವಲ್ಲ. ಒಂದೇ ಆದೇಶದಿಂದ ಅನೇಕ ಅಂಕಗಳನ್ನು ಒಟ್ಟಿಗೆ ಸಂಸ್ಕರಿಸುವ ಕ್ರಮವು ಜಿ.ಸಿ.ಸಿ.ಯಲ್ಲಿ ಮೂರನೆಯ ಮಟ್ಟಕ್ಕೆ ಸೇರಿತ್ತು. ೨೦೨೨ರಲ್ಲಿ ಬಂದ ೧೨ನೆಯ ಆವೃತ್ತಿಯು ಅದನ್ನು ಎರಡನೆಯದಕ್ಕೂ ತಂದಿತು. ಆದರೆ ಹಳೆಯ ಆದೇಶಗಳ ಸ್ಥಾನವನ್ನು ಹೊಸವು ಪೂರ್ಣವಾಗಿ ತುಂಬುವೆಡೆಯಲ್ಲಿ ಮಾತ್ರ.