ಮೆಡಿಕಲ್ ಕೋಡಿಂಗ್: 3 ತಿಂಗಳ ಕೋರ್ಸ್ ಸಾಕಾ, ಪದವಿ ಬೇಕಾ? ಫೀಸ್ ಕಟ್ಟುವ ಮುನ್ನ ತಿಳಿದಿರಲಿ

ಬಿಎಸ್ಸಿ, ಬಿ.ಫಾರ್ಮ, ನರ್ಸಿಂಗ್ ಮುಗಿಸಿ ಕೆಲಸ ಹುಡುಕುತ್ತಿರುವವರ ಮೊಬೈಲ್‌ಗೆ ಇಂಥದ್ದೊಂದು ಜಾಹೀರಾತು ಒಮ್ಮೆಯಾದರೂ ಬಂದಿರುತ್ತದೆ: '3 ತಿಂಗಳಲ್ಲಿ ಮೆಡಿಕಲ್ ಕೋಡಿಂಗ್ ಕಲಿಯಿರಿ, ಕೆಲಸ ಗ್ಯಾರಂಟಿ'. ಇನ್ನೊಂದು ಕಡೆ, ಕೆಲವು ಕಾಲೇಜುಗಳು ಹೆಲ್ತ್ ಇನ್ಫರ್ಮೇಷನ್ ಮ್ಯಾನೇಜ್‌ಮೆಂಟ್, ಅಂದರೆ ಆರೋಗ್ಯ ಮಾಹಿತಿ ನಿರ್ವಹಣೆಯಲ್ಲಿ ಪದವಿಯನ್ನೇ ನೀಡುತ್ತಿವೆ.

ಎರಡೂ ಒಂದೇ ಕೆಲಸಕ್ಕೆ ಎರಡು ದಾರಿ ಎಂದು ಬಹಳಷ್ಟು ಮಂದಿ ತಿಳಿದಿದ್ದಾರೆ. ಆದರೆ ಹಾಗಿಲ್ಲ. ಕೋಡಿಂಗ್ ಒಂದು ಕೌಶಲ. ಆರೋಗ್ಯ ಮಾಹಿತಿ ನಿರ್ವಹಣೆ ಒಂದು ವೃತ್ತಿ, ಕೋಡಿಂಗ್ ಅದರ ಒಂದು ಭಾಗ ಮಾತ್ರ. ಈ ವ್ಯತ್ಯಾಸ ಗೊತ್ತಿಲ್ಲದೆ ಸಾಲ ಮಾಡಿ ಫೀಸ್ ಕಟ್ಟಿದರೆ, ಕೋರ್ಸ್ ಮುಗಿದ ಮೇಲೆ ನಿರಾಸೆಯಾಗುವ ಸಾಧ್ಯತೆ ಹೆಚ್ಚು.

ಏನಿದು ಮೆಡಿಕಲ್ ಕೋಡಿಂಗ್?

ಹೆಸರು ಕೇಳಿ ಇದು ಸಾಫ್ಟ್‌ವೇರ್ ಕೆಲಸ ಎಂದುಕೊಳ್ಳುವವರಿದ್ದಾರೆ. ಇಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಬರೆಯುವುದಿಲ್ಲ. ವೈದ್ಯರು ಬರೆದ ರೋಗಿಯ ದಾಖಲೆಯನ್ನು ಓದಿ, ಅದರಲ್ಲಿರುವ ಕಾಯಿಲೆ ಮತ್ತು ಚಿಕಿತ್ಸೆಗೆ ನಿಗದಿತ ಸಂಕೇತ ಕೊಡುವುದೇ ಕೋಡಿಂಗ್.

ಒಂದು ಉದಾಹರಣೆ ನೋಡಿ. ಅಮೆರಿಕದಲ್ಲಿ ಒಬ್ಬರು ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟಿನ ಬಳಿ ಮೂಳೆ ಮುರಿದುಕೊಂಡರು ಎನ್ನಿ. ಚರ್ಮ ಸೀಳಿ ಮೂಳೆ ಹೊರಬಂದಿಲ್ಲ. ಮುರಿತ ಯಾವ ಬಗೆಯದು ಎಂದು ವೈದ್ಯರು ಹೆಚ್ಚು ವಿವರ ಬರೆಯದಿದ್ದರೆ ಇದರ ಕೋಡ್ ಎಸ್52.501ಎ. ಅದೇ ಎಡಗೈ ಆದರೆ ಎಸ್52.502ಎ. ಕೊನೆಯ 'ಎ' ಅಕ್ಷರವು ಸಕ್ರಿಯ ಚಿಕಿತ್ಸೆ ನಡೆಯುತ್ತಿದೆ ಎಂಬುದನ್ನು ಹೇಳುತ್ತದೆ. ಮೂಳೆ ಸರಿಯಾಗಿ ಕೂಡಿಕೊಳ್ಳುತ್ತಿದ್ದು, ರೋಗಿ ಮುಂದಿನ ತಪಾಸಣೆಗೆ ಬಂದರೆ ಅದು 'ಡಿ' ಆಗುತ್ತದೆ. ಒಂದು ಅಂಕಿ, ಒಂದು ಅಕ್ಷರ ತಪ್ಪಿದರೂ ವಿಮಾ ಕಂಪನಿ ಕ್ಲೇಮ್ ತಿರಸ್ಕರಿಸಬಹುದು.

ಇನ್ನೊಂದು ಉದಾಹರಣೆ. ಟೈಪ್ 2 ಮಧುಮೇಹಕ್ಕೆ ಯಾವ ತೊಡಕೂ ಇಲ್ಲದಿದ್ದರೆ ಇ11.9. ಅದರಿಂದ ದೀರ್ಘಕಾಲದ ಮೂತ್ರಪಿಂಡ ಕಾಯಿಲೆ ಬಂದಿದ್ದರೆ ಇ11.22. ಜೊತೆಗೆ ಕಾಯಿಲೆ ಯಾವ ಹಂತದಲ್ಲಿದೆ ಎಂದು ತಿಳಿಸುವ ಎನ್18 ಗುಂಪಿನ ಕೋಡ್ ಕೂಡ ಬೇಕು. ವೈದ್ಯರು ಹಂತ ಬರೆದಿಲ್ಲವಾದರೆ, ಲ್ಯಾಬ್ ರಿಪೋರ್ಟ್ ನೋಡಿ ಕೋಡರ್ ತಾನೇ ಊಹಿಸುವಂತಿಲ್ಲ, ವೈದ್ಯರನ್ನೇ ಕೇಳಬೇಕು. ದೇಹರಚನೆ, ಕಾಯಿಲೆಗಳ ಸ್ವರೂಪ ಮತ್ತು ವೈದ್ಯಕೀಯ ಪದಗಳು ಗೊತ್ತಿಲ್ಲದವರಿಗೆ ಕೇಳಬೇಕು ಎಂಬುದೇ ಹೊಳೆಯುವುದಿಲ್ಲ.

ಅಮೆರಿಕದ ಬಿಲ್, ಭಾರತದಲ್ಲಿ ಕೆಲಸ

ಕಾಯಿಲೆಗಳ ಈ ಪಟ್ಟಿಯ ಮೂಲ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ. ಅಮೆರಿಕ ಅದನ್ನು ತನ್ನ ಅಗತ್ಯಕ್ಕೆ ತಕ್ಕಂತೆ ವಿಸ್ತರಿಸಿಕೊಂಡು, 2015ರ ಅಕ್ಟೋಬರ್ 1ರಿಂದ ಐಸಿಡಿ-10-ಸಿಎಂ ಎಂಬ ಆವೃತ್ತಿಯನ್ನು ಬಳಸುತ್ತಿದೆ. ಸುಮಾರು 14 ಸಾವಿರ ಇದ್ದ ಕಾಯಿಲೆ ಕೋಡ್‌ಗಳ ಸಂಖ್ಯೆ ಆಗ ಸುಮಾರು 70 ಸಾವಿರಕ್ಕೆ ಏರಿತು. ವೈದ್ಯರು ನೀಡುವ ಸೇವೆಗಳಿಗೆ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್‌ನ ಸಿಪಿಟಿ ಕೋಡ್‌ಗಳು ಬೇರೆ ಇವೆ.

ಈ ಕೆಲಸದ ದೊಡ್ಡ ಪಾಲನ್ನು ಅಲ್ಲಿನ ಆಸ್ಪತ್ರೆಗಳು ಹೊರಗುತ್ತಿಗೆ ಕೊಡುತ್ತವೆ. ಚೆನ್ನೈ, ಹೈದರಾಬಾದ್, ಬೆಂಗಳೂರು, ಪುಣೆ, ಮುಂಬೈಯ ಕಚೇರಿಗಳಲ್ಲಿ ಕೂತವರು ಮಾಡುತ್ತಿರುವುದು ಇದೇ. ಅಂದರೆ 3 ತಿಂಗಳ ಕೋರ್ಸ್‌ಗಳಲ್ಲಿ ಮುಖ್ಯವಾಗಿ ಕಲಿಸುವುದು ಭಾರತದ ಆಸ್ಪತ್ರೆಯ ಪದ್ಧತಿಯನ್ನಲ್ಲ, ಅಮೆರಿಕದ ಬಿಲ್ಲಿಂಗ್ ನಿಯಮಗಳನ್ನು.

ಬೆಲೆ ಇರುವುದು ಯಾವ ಸರ್ಟಿಫಿಕೇಟ್‌ಗೆ?

ಕೋಚಿಂಗ್ ಸೆಂಟರ್ ಕೊಡುವ ಸರ್ಟಿಫಿಕೇಟ್‌ಗೂ ವೃತ್ತಿಪರ ಸಂಸ್ಥೆಯ ಪ್ರಮಾಣಪತ್ರಕ್ಕೂ ಅಜಗಜಾಂತರ. ಕಂಪನಿಗಳು ಗುರುತಿಸುವುದು ಮುಖ್ಯವಾಗಿ ಅಮೆರಿಕದ ಎರಡು ಸಂಸ್ಥೆಗಳ ಪರೀಕ್ಷೆಗಳನ್ನು. ಒಂದು ಎಎಪಿಸಿ ನಡೆಸುವ ಸಿಪಿಸಿ. ಇನ್ನೊಂದು ಎಎಚ್‌ಐಎಂಎ ನಡೆಸುವ ಸಿಸಿಎಸ್.

ಸಿಪಿಸಿಯಲ್ಲಿ 4 ಗಂಟೆಯಲ್ಲಿ 100 ಪ್ರಶ್ನೆಗಳಿಗೆ ಉತ್ತರಿಸಬೇಕು, ಪಾಸಾಗಲು ಶೇ 70 ಅಂಕ ಬೇಕು. ಕೋಡ್ ಪುಸ್ತಕ ನೋಡಿಕೊಂಡೇ ಬರೆಯಬಹುದು. ಹಾಗೆಂದು ಸುಲಭವಲ್ಲ, ಒಂದು ಪ್ರಶ್ನೆಗೆ ಸಿಗುವುದು ಎರಡೂವರೆ ನಿಮಿಷಕ್ಕಿಂತ ಕಡಿಮೆ. ಅನುಭವ ಇಲ್ಲದೆ ಪಾಸಾದವರ ಅರ್ಹತೆಗೆ 'ಅಪ್ರೆಂಟಿಸ್' ಎಂಬುದನ್ನು ಸೂಚಿಸುವ ಅಕ್ಷರ ಸೇರಿರುತ್ತದೆ. ಕೆಲಸದ ಅನುಭವ ತೋರಿಸಿದ ಮೇಲೆ ಅದನ್ನು ತೆಗೆಯುತ್ತಾರೆ.

ಪರೀಕ್ಷಾ ಶುಲ್ಕ, ಸದಸ್ಯತ್ವ, ಪುಸ್ತಕಗಳ ಖರ್ಚು ಸಾಮಾನ್ಯವಾಗಿ ಕೋಚಿಂಗ್ ಫೀಸ್‌ನಲ್ಲಿ ಸೇರಿರುವುದಿಲ್ಲ. ಐಸಿಡಿ-10-ಸಿಎಂ ಪ್ರತಿ ಅಕ್ಟೋಬರ್‌ನಲ್ಲಿ, ಸಿಪಿಟಿ ಪ್ರತಿ ಜನವರಿಯಲ್ಲಿ ಬದಲಾಗುತ್ತದೆ. ಹಾಗಾಗಿ ಹಳೆಯ ವರ್ಷದ ಪುಸ್ತಕ ಕೊಟ್ಟು ಕಲಿಸುವ ಕಡೆ ಹಣ ಕಟ್ಟುವುದು ವ್ಯರ್ಥ.

ಪದವಿಯಲ್ಲಿ ಹೆಚ್ಚೇನು ಕಲಿಸುತ್ತಾರೆ?

ಕಾಲೇಜಿನಲ್ಲಿ ಕೋಡಿಂಗ್ ಒಂದು ವಿಷಯ ಅಷ್ಟೇ. ಅದರ ಜೊತೆಗೆ ಅಂಗರಚನೆ, ಶರೀರಕ್ರಿಯೆ, ವೈದ್ಯಕೀಯ ದಾಖಲೆಗಳ ನಿರ್ವಹಣೆ, ಆಸ್ಪತ್ರೆಯ ಅಂಕಿಅಂಶ, ಎಲೆಕ್ಟ್ರಾನಿಕ್ ದಾಖಲೆ ವ್ಯವಸ್ಥೆ, ರೋಗಿಯ ಮಾಹಿತಿಯ ಗೋಪ್ಯತೆ, ಕಾನೂನು ಇತ್ಯಾದಿ ಇರುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಇಂಟರ್ನ್‌ಶಿಪ್ ಇರುತ್ತದೆ. ಕರ್ನಾಟಕದಲ್ಲಿ ಮಣಿಪಾಲ್ ಕಾಲೇಜ್ ಆಫ್ ಹೆಲ್ತ್ ಪ್ರೊಫೆಷನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ.

ಈ ವೃತ್ತಿಗೆ ಈಗ ಕಾನೂನಿನ ಮಾನ್ಯತೆಯೂ ಇದೆ. ಸಂಸತ್ತು 2021ರಲ್ಲಿ ಅಂಗೀಕರಿಸಿದ ರಾಷ್ಟ್ರೀಯ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗ ಕಾಯ್ದೆಯು 10 ವೃತ್ತಿ ವರ್ಗಗಳನ್ನು ಪಟ್ಟಿ ಮಾಡಿದ್ದು, ಆರೋಗ್ಯ ಮಾಹಿತಿ ನಿರ್ವಹಣೆ ಅದರಲ್ಲಿ ಒಂದು. ಈ ಕಾಯ್ದೆಯಡಿ ಅಲೈಡ್ ಹೆಲ್ತ್ ವೃತ್ತಿಪರರು ಎನಿಸಿಕೊಳ್ಳಲು ಕನಿಷ್ಠ 2,000 ಗಂಟೆ, ಹೆಲ್ತ್‌ಕೇರ್ ವೃತ್ತಿಪರರಾಗಲು ಕನಿಷ್ಠ 3,600 ಗಂಟೆಗಳ ಶಿಕ್ಷಣ ಬೇಕು. 3 ತಿಂಗಳ ಕೋರ್ಸ್ ಇದರ ಹತ್ತಿರಕ್ಕೂ ಬರುವುದಿಲ್ಲ.

ಹಾಗೆಂದು ಅಂಥ ಕೋರ್ಸ್ ಮಾಡಿದವರಿಗೆ ಕಂಪನಿಗಳು ಕೆಲಸ ಕೊಡುವುದಿಲ್ಲ ಎಂದಲ್ಲ. ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ, ಜೀವವಿಜ್ಞಾನ ಓದಿದವರಿಗೆ ಬುನಾದಿ ಆಗಲೇ ಇರುತ್ತದೆ. ಅವರಿಗೆ ಒಳ್ಳೆಯ ಸಣ್ಣ ತರಬೇತಿ ಮತ್ತು ಸಿಪಿಸಿ ಸಾಕಾಗಬಹುದು. ಆದರೆ ಪಿಯುಸಿ ಮುಗಿಸಿ ಈ ಕ್ಷೇತ್ರದಲ್ಲೇ ಬೆಳೆಯಬೇಕು ಎನ್ನುವವರಿಗೆ, ಅಥವಾ ಆಸ್ಪತ್ರೆಯಲ್ಲಿ ಮೆಡಿಕಲ್ ರೆಕಾರ್ಡ್ಸ್ ಅಧಿಕಾರಿಯಾಗಬೇಕು ಎನ್ನುವವರಿಗೆ ಪದವಿಯೇ ಸರಿಯಾದ ದಾರಿ.

ಅಮೆರಿಕದ ಆಚೆಗೂ ಕೆಲಸವಿದೆ

2018ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಚಿಕಿತ್ಸಾ ಪ್ಯಾಕೇಜ್‌ಗಳಿಗೆ ಕೋಡ್‌ಗಳಿವೆ. 2021ರಲ್ಲಿ ಶುರುವಾದ ಡಿಜಿಟಲ್ ಆರೋಗ್ಯ ಮಿಷನ್ 14 ಅಂಕಿಯ 'ಆಭಾ' ಸಂಖ್ಯೆಯ ಮೂಲಕ ರೋಗಿಯ ದಾಖಲೆಗಳನ್ನು ಜೋಡಿಸುತ್ತಿದೆ. ಮರಣದ ಕಾರಣವನ್ನು ವರ್ಗೀಕರಿಸಲೂ ಐಸಿಡಿ ಬೇಕು. ಡೆಂಗಿಯಿಂದ ಸತ್ತವರ ದಾಖಲೆಯಲ್ಲಿ ಕಾರಣ ಬರೀ 'ಜ್ವರ' ಎಂದಾದರೆ, ಸರ್ಕಾರದ ಲೆಕ್ಕದಲ್ಲಿ ಆ ಡೆಂಗಿ ಸಾವೇ ಇರುವುದಿಲ್ಲ. ಇವೆಲ್ಲ ದಾಖಲೆಯ ಹಿಂದೆ ಮುಂದೆ ತಿಳಿದವರು ಮಾಡಬೇಕಾದ ಕೆಲಸ.

ಎಐ ಬಂದರೆ ಕೆಲಸ ಹೋಗುತ್ತದಾ?

ಎಕ್ಸ್‌ರೇ ವರದಿಯಂಥ ಚಿಕ್ಕ, ಒಂದೇ ಮಾದರಿಯ ದಾಖಲೆಗಳಿಗೆ ಸಾಫ್ಟ್‌ವೇರ್ ಈಗಾಗಲೇ ಕೋಡ್ ಸೂಚಿಸುತ್ತಿದೆ. ಆರಂಭದ ಹಂತದ ಕೆಲಸಗಳಿಗೆ ಇದರಿಂದ ಪೆಟ್ಟು ಬೀಳುವುದು ಸಹಜ. ಹಲವು ಕಾಯಿಲೆ ಇರುವ ಒಳರೋಗಿಯ ದಾಖಲೆ, ಸಂಕೀರ್ಣ ಶಸ್ತ್ರಚಿಕಿತ್ಸೆ, ಯಂತ್ರ ಕೊಟ್ಟ ಕೋಡ್ ಸರಿಯೇ ಎಂಬ ಆಡಿಟ್, ತಿರಸ್ಕೃತ ಕ್ಲೇಮ್‌ನ ಪರಿಶೀಲನೆ ಇವೆಲ್ಲಕ್ಕೆ ತಿಳಿದ ಮನುಷ್ಯರೇ ಬೇಕು. ಕೋಡ್ ಹುಡುಕುವುದನ್ನಷ್ಟೇ ಕಲಿತವರಿಗಿಂತ ದಾಖಲೆಯನ್ನು ಓದಿ ಅರ್ಥ ಮಾಡಿಕೊಳ್ಳಬಲ್ಲವರ ನೆಲೆ ಗಟ್ಟಿ.

ಫೀಸ್ ಕಟ್ಟುವ ಮುನ್ನ ಕೇಳಬೇಕಾದ 5 ಪ್ರಶ್ನೆಗಳು

1. ಕೋರ್ಸ್ ಮುಗಿದ ಮೇಲೆ ಬರೆಯುವ ಪರೀಕ್ಷೆ ಯಾರದು? ಅದರ ಶುಲ್ಕ ಮತ್ತು ಪುಸ್ತಕದ ಖರ್ಚು ಫೀಸ್‌ನಲ್ಲಿ ಸೇರಿದೆಯಾ?

2. ಹಿಂದಿನ ಬ್ಯಾಚ್‌ನಲ್ಲಿ ಎಷ್ಟು ಮಂದಿ ಸಿಪಿಸಿ ಪಾಸಾಗಿದ್ದಾರೆ? ಅವರಲ್ಲಿ ಇಬ್ಬರು ಮೂವರ ಜೊತೆ ಮಾತನಾಡಲು ಸಾಧ್ಯವಾ?

3. ಪಾಠ ಮಾಡುವವರು ಸ್ವತಃ ಪ್ರಮಾಣಪತ್ರ ಪಡೆದ ಕೋಡರ್‌ಗಳಾ?

4. 'ಕೆಲಸ ಗ್ಯಾರಂಟಿ' ಎಂಬುದು ಬರವಣಿಗೆಯಲ್ಲಿದೆಯಾ? ಯಾವ ಕೆಲಸ? ಕೋಡಿಂಗ್ ಎಂದು ಹೇಳಿ, ರಾತ್ರಿ ಪಾಳಿಯಲ್ಲಿ ಅಮೆರಿಕದ ವಿಮಾ ಕಂಪನಿಗಳಿಗೆ ಫೋನ್ ಮಾಡುವ ಎಆರ್ ಕಾಲರ್ ಹುದ್ದೆ ತೋರಿಸಿದರೆ ಅದು ಬೇರೆಯೇ ಕೆಲಸ.

5. ಪದವಿಯಾದರೆ ಯಾವ ವಿಶ್ವವಿದ್ಯಾಲಯದ್ದು? ಇಂಟರ್ನ್‌ಶಿಪ್ ಯಾವ ಆಸ್ಪತ್ರೆಯಲ್ಲಿ, ಎಷ್ಟು ತಿಂಗಳು?

ಆನ್‌ಲೈನ್‌ನಲ್ಲೇ ಪದವಿ ಕೊಡುತ್ತೇವೆ ಎಂದವರ ಬಗ್ಗೆ ಇನ್ನಷ್ಟು ಎಚ್ಚರ ಬೇಕು. 2021ರ ಕಾಯ್ದೆಯ ವ್ಯಾಪ್ತಿಗೆ ಬರುವ ಕೋರ್ಸ್‌ಗಳನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ನೀಡಬಾರದು ಎಂದು ಯುಜಿಸಿ 2025ರಲ್ಲಿ ವಿಶ್ವವಿದ್ಯಾಲಯಗಳಿಗೆ ಸೂಚಿಸಿದೆ.

ಈ ಐದು ಪ್ರಶ್ನೆಗೆ ನೇರ ಉತ್ತರ ಸಿಕ್ಕರೆ ಮುಂದುವರಿಯಬಹುದು. 'ಮೊದಲು ಅಡ್ವಾನ್ಸ್ ಕಟ್ಟಿ, ಸೀಟು ಖಾಲಿಯಾಗುತ್ತಿದೆ' ಎಂಬ ಉತ್ತರ ಬಂದರೆ, ಅಲ್ಲಿಂದ ಎದ್ದು ಬರುವುದೇ ಒಳ್ಳೆಯದು.